ವಾಹನ ವಿಮೆ ಅಗ್ಗವಾಗಬೇಕು, ಆದರೆ ಯಾರ ಹಣದಲ್ಲಿ?

75ರಿಂದ 150 ಸಿಸಿ ಸಾಮರ್ಥ್ಯದ ಬೈಕೊಂದರ ಥರ್ಡ್ ಪಾರ್ಟಿ ವಿಮೆಗೆ, ಅಂದರೆ ಆ ಬೈಕಿನಿಂದ ಇತರರಿಗೆ ಆಗುವ ಸಾವು ನೋವನ್ನು ಭರಿಸುವ ವಿಮೆಗೆ, ವರ್ಷದ ಪ್ರೀಮಿಯಂ 714 ರೂಪಾಯಿ. 2022ರ ಜೂನ್ 1ರಂದು ಜಾರಿಗೆ ಬಂದ ದರಪಟ್ಟಿಯ ಲೆಕ್ಕ ಇದು. ಶೇ 18ರ ಜಿಎಸ್‌ಟಿ ಸೇರಿದರೆ 842 ರೂಪಾಯಿ ಚಿಲ್ಲರೆ. ಈಗ ಇನ್ನೊಂದು ಲೆಕ್ಕ ನೋಡೋಣ. ಆ ಬೈಕು ಡಿಕ್ಕಿ ಹೊಡೆದು ಮೂವತ್ತು ವರ್ಷದ ಒಬ್ಬ ಮರಗೆಲಸದವರು ತೀರಿಕೊಂಡರು ಎಂದುಕೊಳ್ಳಿ. ತಿಂಗಳ ಸಂಪಾದನೆ 20,000 ರೂಪಾಯಿ, ಹೆಂಡತಿ, ಇಬ್ಬರು ಮಕ್ಕಳು ಮತ್ತು ತಾಯಿ ಅವರನ್ನೇ ನಂಬಿದ್ದರು. ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಹಾಕಿಕೊಟ್ಟ ಸೂತ್ರ ಹೀಗಿದೆ: ವಾರ್ಷಿಕ ಆದಾಯಕ್ಕೆ ಮುಂದಿನ ಏಳಿಗೆಯ ಸಾಧ್ಯತೆಯೆಂದು ಶೇ 40 ಸೇರಿಸಬೇಕು, ಮೃತರ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯಬೇಕು, ಉಳಿದದ್ದನ್ನು ಆ ವಯಸ್ಸಿಗೆ ನಿಗದಿಯಾದ 17ರಿಂದ ಗುಣಿಸಬೇಕು. ಬರುವ ಮೊತ್ತ 42,84,000 ರೂಪಾಯಿ. ಅಂತ್ಯಕ್ರಿಯೆಯ ವೆಚ್ಚ ಮುಂತಾದ ಸಣ್ಣ ಮೊತ್ತಗಳು ಇದರ ಮೇಲೆ ಬೇರೆ. ಈ ಒಂದೇ ಕುಟುಂಬಕ್ಕೆ ಪರಿಹಾರ ಕೊಡಲು 6,000 ಬೈಕುಗಳ ಒಂದು ವರ್ಷದ ಪ್ರೀಮಿಯಂ ಬೇಕು.

ವಾಹನ ವಿಮೆಯ ದರ ಇಳಿಸಬೇಕೆಂಬ ಚರ್ಚೆಯಲ್ಲಿ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುವವರು ಕಡಿಮೆ. ವಾಹನ ಮಾಲೀಕರಿಗೆ ಪ್ರೀಮಿಯಂ ಭಾರವಾಗಿದೆ, ಅದರಲ್ಲೂ ಲಾರಿ ಇಟ್ಟುಕೊಂಡವರಿಗೆ ನಿಜಕ್ಕೂ ಭಾರವಾಗಿದೆ. ಬರುವ ಹಣಕ್ಕಿಂತ ಹೋಗುವ ಹಣ ಹೆಚ್ಚೆಂದು ವಿಮಾ ಕಂಪನಿಗಳು ವರ್ಷ ವರ್ಷವೂ ಹೇಳುತ್ತಿವೆ. ಅಪಘಾತದಲ್ಲಿ ಮನೆಯ ಆಧಾರವನ್ನೇ ಕಳೆದುಕೊಂಡವರು ಪರಿಹಾರಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಿದ್ದಾರೆ. ಮೂವರ ದೂರಿನಲ್ಲೂ ಹುರುಳಿದೆ. ಆದ್ದರಿಂದಲೇ ಸರ್ಕಾರ ಕೈಗೊಳ್ಳುವ ಪ್ರತಿಯೊಂದು ಸುಧಾರಣೆಯನ್ನೂ ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಇಲ್ಲಿ ಉಳಿಯುವ ಹಣ ಯಾರ ಜೇಬಿನಿಂದ ಬರುತ್ತದೆ?

ದರ ನಿಗದಿಯ ಹಿಂದಿನ ಕಥೆ

ವಾಹನ ವಿಮೆಯಲ್ಲಿ ಎರಡು ಭಾಗಗಳಿವೆ. ನಮ್ಮ ವಾಹನಕ್ಕೆ ಆಗುವ ಹಾನಿಯನ್ನು ಭರಿಸುವುದು ಒಂದು, ನಮ್ಮ ವಾಹನದಿಂದ ಇತರರಿಗೆ ಆಗುವ ಸಾವು ನೋವನ್ನು ಭರಿಸುವ ಥರ್ಡ್ ಪಾರ್ಟಿ ವಿಮೆ ಇನ್ನೊಂದು. ಮೊದಲನೆಯದು ಐಚ್ಛಿಕ. ಎರಡನೆಯದನ್ನು ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಕಡ್ಡಾಯ ಮಾಡಿದೆ. ಸ್ವಂತ ಹಾನಿಯ ವಿಮೆಯ ದರವನ್ನು 2007ರ ಜನವರಿ 1ರಿಂದ ಕಂಪನಿಗಳ ವಿವೇಚನೆಗೆ ಬಿಡಲಾಯಿತು. ಥರ್ಡ್ ಪಾರ್ಟಿ ದರ ಮಾತ್ರ ಸರ್ಕಾರದ ಕೈಯಲ್ಲೇ ಉಳಿಯಿತು. ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಅದನ್ನು ಘೋಷಿಸುತ್ತಿತ್ತು. 2022ರಿಂದ ಪ್ರಾಧಿಕಾರದೊಂದಿಗೆ ಸಮಾಲೋಚಿಸಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಅಧಿಸೂಚನೆ ಹೊರಡಿಸುತ್ತಿದೆ.

ಕಡ್ಡಾಯವಾಗಿ ಕೊಳ್ಳಬೇಕಾದ ವಸ್ತುವಿನ ಬೆಲೆಯನ್ನು ಮಾರುವವನೇ ತೀರ್ಮಾನಿಸಿದರೆ ಕೊಳ್ಳುವವನಿಗೆ ದಾರಿಯಿಲ್ಲ. ಹಾಗಾಗಿ ಸರ್ಕಾರ ದರ ನಿಗದಿ ಮಾಡುವುದು ಸರಿಯೇ. ಆದರೆ ಬೆಲೆಯನ್ನು ಕಟ್ಟಿಹಾಕಿದ ಮಾತ್ರಕ್ಕೆ ವೆಚ್ಚ ಕಟ್ಟಿಹೋಗುವುದಿಲ್ಲ ಎಂಬುದನ್ನು ಕಳೆದ ಎರಡು ದಶಕಗಳ ಅನುಭವ ಚೆನ್ನಾಗಿ ತೋರಿಸಿದೆ. ನಷ್ಟವಾಗುವ ದರಕ್ಕೆ ಲಾರಿ, ಬಸ್ಸುಗಳಿಗೆ ವಿಮೆ ಕೊಡಲು ಕಂಪನಿಗಳು ಹಿಂಜರಿದವು. ಅದಕ್ಕೆ ಪರಿಹಾರವೆಂದು 2007ರ ಏಪ್ರಿಲ್‌ನಲ್ಲಿ ವಾಣಿಜ್ಯ ವಾಹನಗಳಿಗಾಗಿ ಒಂದು ಸಾಮೂಹಿಕ ನಿಧಿ ಶುರುವಾಯಿತು. ಯಾವ ಕಂಪನಿ ಪಾಲಿಸಿ ಮಾರಿದರೂ ನಷ್ಟವನ್ನು ಎಲ್ಲರೂ ಹಂಚಿಕೊಳ್ಳುವ ವ್ಯವಸ್ಥೆ ಅದು. ನಷ್ಟ ಎಲ್ಲರದೂ ಆದಾಗ ಕ್ಲೇಮುಗಳನ್ನು ಸರಿಯಾಗಿ ನಿಭಾಯಿಸುವ ಆಸ್ಥೆ ಯಾರಿಗೂ ಉಳಿಯಲಿಲ್ಲ. ನಷ್ಟ ಬೆಳೆಯುತ್ತಾ ಹೋಗಿ 2012ರ ಮಾರ್ಚ್ ಕೊನೆಗೆ ಆ ನಿಧಿಯನ್ನು ಮುಚ್ಚಬೇಕಾಯಿತು. ಆಮೇಲೆ 2015ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿ ತಂದು, ಪ್ರತಿಯೊಂದು ಸಾಮಾನ್ಯ ವಿಮಾ ಕಂಪನಿಯೂ ನಿರ್ದಿಷ್ಟ ಪ್ರಮಾಣದ ಥರ್ಡ್ ಪಾರ್ಟಿ ವ್ಯವಹಾರ ಮಾಡಲೇಬೇಕೆಂದು ಕಟ್ಟುಪಾಡು ಹಾಕಲಾಯಿತು.

2022ರ ದರಪಟ್ಟಿ ಬಂದ ಮೇಲೆ 2023ರಲ್ಲೂ 2024ರಲ್ಲೂ ದರ ಏರಲಿಲ್ಲ. ಸಾವಿರದಿಂದ ಸಾವಿರದ ಐನೂರು ಸಿಸಿಯ ಕಾರಿಗೆ 3,416 ರೂಪಾಯಿ, 40 ಟನ್ ಮೀರಿದ ಸರಕು ವಾಹನಕ್ಕೆ 44,242 ರೂಪಾಯಿ. ಈ ಅವಧಿಯಲ್ಲಿ ಕೂಲಿ, ಸಂಬಳ, ಆಸ್ಪತ್ರೆಯ ಬಿಲ್ಲು ಯಾವುದೂ ನಿಂತಿರಲಿಲ್ಲ, ಪರಿಹಾರದ ಮೊತ್ತ ಅವುಗಳ ಬೆನ್ನಿಗೇ ಏರುತ್ತದೆ. ದರ ನಿಂತಿದೆ ಎಂದರೆ ವ್ಯತ್ಯಾಸವನ್ನು ಯಾರೋ ತುಂಬುತ್ತಿದ್ದಾರೆ ಎಂದೇ ಅರ್ಥ. ಸಾರ್ವಜನಿಕ ವಲಯದ ನ್ಯಾಷನಲ್, ಓರಿಯೆಂಟಲ್ ಮತ್ತು ಯುನೈಟೆಡ್ ಇಂಡಿಯಾ ಕಂಪನಿಗಳಿಗೆ ಕೇಂದ್ರ ಸರ್ಕಾರ 2019–20ರಿಂದ 2021–22ರವರೆಗೆ ಒಟ್ಟು 17,450 ಕೋಟಿ ರೂಪಾಯಿ ಬಂಡವಾಳ ತುಂಬಿತು. ಅವುಗಳ ದುಃಸ್ಥಿತಿಗೆ ಮೋಟಾರು ವಿಮೆಯೊಂದೇ ಕಾರಣವಲ್ಲ, ಆರೋಗ್ಯ ವಿಮೆಯ ನಷ್ಟವೂ ಆಡಳಿತದ ಲೋಪವೂ ಸೇರಿವೆ. ಆದರೂ ವಾಹನವೇ ಇಲ್ಲದ ತೆರಿಗೆದಾರರು ವಾಹನವಿದ್ದವರ ಪ್ರೀಮಿಯಂನ ಒಂದಷ್ಟು ಭಾಗವನ್ನು ಈ ಹಿಂಬಾಗಿಲಿನಿಂದ ಕಟ್ಟಿದ್ದಾರೆ ಎಂಬುದನ್ನು ಅಲ್ಲಗಳೆಯುವುದು ಕಷ್ಟ.

ಗ್ರಾಹಕರಿಗೆ ನಿಜವಾಗಿ ಸಿಕ್ಕಿದ್ದು

ಇಷ್ಟರ ನಡುವೆಯೂ ಕೆಲವು ಒಳ್ಳೆಯ ಬದಲಾವಣೆಗಳಾಗಿವೆ. ವಿದ್ಯುತ್ ವಾಹನಗಳಿಗೆ ಥರ್ಡ್ ಪಾರ್ಟಿ ದರದಲ್ಲಿ ಶೇ 15, ಹೈಬ್ರಿಡ್ ವಾಹನಗಳಿಗೆ ಶೇ 7.5 ರಿಯಾಯಿತಿ 2022ರ ಪಟ್ಟಿಯಲ್ಲೇ ಬಂತು. ಅದೇ ವರ್ಷದ ಜುಲೈನಲ್ಲಿ ಓಡಿಸಿದ ದೂರಕ್ಕೆ ತಕ್ಕಂತೆ, ಓಡಿಸುವ ರೀತಿಗೆ ತಕ್ಕಂತೆ ಪ್ರೀಮಿಯಂ ನಿಗದಿ ಮಾಡುವ ಸೌಲಭ್ಯಕ್ಕೆ ಐಆರ್‌ಡಿಎಐ ಅನುಮತಿ ನೀಡಿತು. ತಿಂಗಳಿಗೆ ಎರಡು ಬಾರಿ ಮಾತ್ರ ಹೊರಗೆ ತೆಗೆಯುವ ಕಾರಿಗೂ ಹಗಲಿರುಳು ಓಡುವ ಕಾರಿಗೂ ಒಂದೇ ಪ್ರೀಮಿಯಂ ಎಂಬುದು ಅನ್ಯಾಯವಾಗಿತ್ತು, ಅದು ಸರಿಹೋಗುತ್ತಿದೆ. ಆದರೆ ಈ ಸೌಲಭ್ಯ ಸ್ವಂತ ಹಾನಿಯ ಭಾಗಕ್ಕೆ ಸೀಮಿತ ಎಂಬುದನ್ನು ಜಾಹೀರಾತುಗಳು ಸಣ್ಣ ಅಕ್ಷರದಲ್ಲಿ ಹೇಳುತ್ತವೆ. ಥರ್ಡ್ ಪಾರ್ಟಿ ದರ ಎಲ್ಲರಿಗೂ ಅದೇ.

2024ರ ಜೂನ್‌ನಲ್ಲಿ ಪ್ರಾಧಿಕಾರ ಹೊರಡಿಸಿದ ಸಮಗ್ರ ಸುತ್ತೋಲೆ ಗ್ರಾಹಕರ ಕೈಗೆ ಇನ್ನಷ್ಟು ಬಲ ಕೊಟ್ಟಿತು. ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಕ್ಲೇಮು ತಿರಸ್ಕರಿಸುವಂತಿಲ್ಲ, ಪಾಲಿಸಿ ರದ್ದು ಮಾಡಿದರೆ ಉಳಿದ ಅವಧಿಯ ಹಣವನ್ನು ಲೆಕ್ಕ ಹಾಕಿ ಹಿಂದಿರುಗಿಸಬೇಕು, ಹಾನಿಯನ್ನು ಅಂದಾಜು ಮಾಡುವ ಸರ್ವೇಯರ್ ನೇಮಕ ಮತ್ತು ವರದಿಗೆ ಕಾಲಮಿತಿ ಪಾಲಿಸಬೇಕು. ಪ್ರೀಮಿಯಂ ಒಂದು ರೂಪಾಯಿ ಇಳಿಯದಿದ್ದರೂ ಕಟ್ಟಿದ ಹಣಕ್ಕೆ ಸಿಗುವ ಬೆಲೆ ಇದರಿಂದ ಹೆಚ್ಚುತ್ತದೆ.

ಕಮಿಷನ್ ವಿಷಯದಲ್ಲಿ ಮಾತ್ರ ದಾರಿ ಸ್ಪಷ್ಟವಾಗಿಲ್ಲ. ಹಿಂದೆ ಏಜೆಂಟರಿಗೂ ವಾಹನ ಡೀಲರುಗಳಿಗೂ ಎಷ್ಟು ಕೊಡಬಹುದೆಂಬುದಕ್ಕೆ ಪ್ರತ್ಯೇಕ ಮಿತಿಗಳಿದ್ದವು. 2023ರಲ್ಲಿ ಅವನ್ನು ತೆಗೆದು, ಕಂಪನಿಯ ಒಟ್ಟು ನಿರ್ವಹಣಾ ವೆಚ್ಚ ಪ್ರೀಮಿಯಂನ ಶೇ 30 ಮೀರಬಾರದು ಎಂಬ ಒಂದೇ ಮಿತಿ ಇಡಲಾಯಿತು. ಹೊಸ ಕಾರು ಕೊಳ್ಳುವವರು ಷೋರೂಮಿನಲ್ಲಿ ಎದುರಿಗಿಟ್ಟ ವಿಮೆಯ ಕಾಗದಕ್ಕೆ ಸಹಿ ಹಾಕುವುದೇ ಹೆಚ್ಚು. ಅಲ್ಲೇ ಕೊಳ್ಳಬೇಕೆಂಬ ನಿಯಮ ಯಾವುದೂ ಇಲ್ಲ. ಅದೇ ವಿಮೆಗೆ ಬೇರೆ ಕಂಪನಿಗಳ ದರ ಕೇಳಿ ನೋಡಿದರೆ ಸ್ವಂತ ಹಾನಿಯ ಭಾಗದಲ್ಲಿ ದೊಡ್ಡ ವ್ಯತ್ಯಾಸ ಕಾಣಬಹುದು. ಸರ್ಕಾರದ ಯಾವ ಸುಧಾರಣೆಗೂ ಕಾಯದೆ ಗ್ರಾಹಕರು ಹಣ ಉಳಿಸಬಹುದಾದ ಜಾಗ ಇದು.

ತೆರಿಗೆಯ ಮಾತಿಗೆ ಬಂದರೆ, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಗೆ ಜಿಎಸ್‌ಟಿ ಪೂರ್ತಿ ವಿನಾಯಿತಿ ಸಿಕ್ಕಿತು. ಸರಕು ವಾಹನಗಳ ಥರ್ಡ್ ಪಾರ್ಟಿ ವಿಮೆಯ ತೆರಿಗೆ ಶೇ 12ರಿಂದ 5ಕ್ಕೆ ಇಳಿಯಿತು. 44,242 ರೂಪಾಯಿ ಕಟ್ಟುವ ಲಾರಿಗೆ ಸುಮಾರು 3,100 ರೂಪಾಯಿ ತೆರಿಗೆ ಕಡಿಮೆಯಾಯಿತು. ಬೈಕು, ಕಾರುಗಳಿಗೆ ಶೇ 18 ಹಾಗೆಯೇ ಇದೆ. ಈ ವ್ಯತ್ಯಾಸಕ್ಕೆ ಸಮರ್ಥನೆ ನನಗೆ ಕಾಣುವುದಿಲ್ಲ. ಕಾನೂನೇ ಕಡ್ಡಾಯ ಮಾಡಿರುವ, ಕೊಳ್ಳುವವರಿಗಿಂತ ರಸ್ತೆಯ ಮೇಲಿನ ಅಪರಿಚಿತರಿಗೆ ರಕ್ಷಣೆ ಕೊಡುವ ವಿಮೆಯ ಮೇಲೆ ಐಷಾರಾಮಿ ಸೇವೆಯಂತೆ ತೆರಿಗೆ ಹಾಕುವುದು ತಪ್ಪು. ಯಾವ ಸಂತ್ರಸ್ತರ ಹಕ್ಕನ್ನೂ ಮುಟ್ಟದೆ, ಯಾವ ಕಂಪನಿಗೂ ನಷ್ಟ ಮಾಡದೆ ದ್ವಿಚಕ್ರ ವಾಹನದವರಿಗೆ ಬೆಲೆ ಇಳಿಸಲು ಸರ್ಕಾರದ ಕೈಯಲ್ಲೇ ಇರುವ ನೇರ ದಾರಿ ಇದು.

ಪರಿಹಾರವನ್ನೇ ಕತ್ತರಿಸುವ ಆಲೋಚನೆ

ಪ್ರೀಮಿಯಂ ಇಳಿಸಲು ಜಗತ್ತಿನೆಲ್ಲೆಡೆ ಸರ್ಕಾರಗಳಿಗೆ ಮೊದಲು ಹೊಳೆಯುವ ಉಪಾಯ ಪರಿಹಾರದ ಮೊತ್ತಕ್ಕೆ ಮಿತಿ ಹಾಕುವುದು. ಭಾರತದಲ್ಲೂ ಅದು ನಡೆಯುವುದರಲ್ಲಿತ್ತು. 2016ರಲ್ಲಿ ಮಂಡನೆಯಾದ ಮೋಟಾರು ವಾಹನ ತಿದ್ದುಪಡಿ ಮಸೂದೆ ವಿಮಾ ಕಂಪನಿಯ ಹೊಣೆಗೆ ಸಾವಿನ ಪ್ರಕರಣದಲ್ಲಿ 10 ಲಕ್ಷ, ತೀವ್ರ ಗಾಯದ ಪ್ರಕರಣದಲ್ಲಿ 5 ಲಕ್ಷ ರೂಪಾಯಿಯ ಮಿತಿ ಇಟ್ಟಿತ್ತು. ಮೊದಲು ಹೇಳಿದ ಮರಗೆಲಸದವರ ಕುಟುಂಬಕ್ಕೆ ಬರಬೇಕಾದ ಸುಮಾರು 43 ಲಕ್ಷದಲ್ಲಿ 33 ಲಕ್ಷವನ್ನು ಆಗ ಬೈಕಿನ ಮಾಲೀಕನಿಂದ ವಸೂಲಿ ಮಾಡಬೇಕಾಗುತ್ತಿತ್ತು. ಅಷ್ಟು ಹಣ ಬೈಕು ಓಡಿಸುವ ಎಷ್ಟು ಜನರ ಬಳಿ ಇರುತ್ತದೆ? ಕುಟುಂಬದ ಕೈಯಲ್ಲಿ ತೀರ್ಪಿನ ಪ್ರತಿ ಉಳಿಯುತ್ತಿತ್ತು, ಮಾಲೀಕನ ಮನೆ, ಜಮೀನು ಹರಾಜಿಗೆ ಬರುತ್ತಿತ್ತು. ವಿರೋಧ ಬಂದ ಮೇಲೆ ಆ ಮಿತಿಯನ್ನು ಕೈಬಿಡಲಾಯಿತು, 2019ರ ಕಾಯ್ದೆಯಲ್ಲಿ ಅದಿಲ್ಲ. ಕೈಬಿಟ್ಟದ್ದು ಒಳ್ಳೆಯದಾಯಿತು.

ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಕಡಿತ ಸದ್ದಿಲ್ಲದೆ ಉಳಿದುಕೊಂಡಿದೆ. ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕೆಂಬ 166ನೇ ಕಲಂನ ಮೂರನೇ ಉಪಕಲಂ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇಂಥದೇ ಕಾಲಮಿತಿ 1988ರ ಮೂಲ ಕಾಯ್ದೆಯಲ್ಲೂ ಇತ್ತು, ಜನರಿಗೆ ಅನ್ಯಾಯವಾಗುತ್ತದೆಂದು 1994ರಲ್ಲಿ ಸಂಸತ್ತೇ ಅದನ್ನು ತೆಗೆದುಹಾಕಿತ್ತು. ಬೆನ್ನುಮೂಳೆ ಮುರಿದು ಮಲಗಿದವರಿಗೆ, ಗಂಡ ತೀರಿಕೊಂಡು ತವರಿಗೆ ಮರಳಿದ ಹೆಣ್ಣುಮಗಳಿಗೆ, ಬೇರೆ ರಾಜ್ಯದಿಂದ ಕೂಲಿಗೆ ಬಂದವರ ಮನೆಯವರಿಗೆ ಆರು ತಿಂಗಳು ಹೇಗೆ ಕಳೆಯುತ್ತದೆಂಬುದನ್ನು ಈ ನಿಯಮ ಬರೆದವರು ಯೋಚಿಸಬೇಕಿತ್ತು. ಇದರ ಸಿಂಧುತ್ವವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೂ ಅರ್ಜಿಗಳು ಹೋಗಿವೆ. ತಡವಾದ ಅರ್ಜಿಗಳಲ್ಲಿ ಮೋಸದವು ಇರುತ್ತವೆ ಎಂಬ ವಾದ ಪೂರ್ತಿ ಸುಳ್ಳಲ್ಲ. ಉತ್ತರ ಪ್ರದೇಶದಲ್ಲಿ ನಕಲಿ ಅಪಘಾತ ಕ್ಲೇಮುಗಳ ತನಿಖೆಗೆ ವಿಶೇಷ ತಂಡ ರಚಿಸಲು 2015ರಲ್ಲಿ ಅಲಹಾಬಾದ್ ಹೈಕೋರ್ಟ್ ಆದೇಶಿಸಬೇಕಾಗಿ ಬಂದಿತ್ತು. ಆದರೆ ಮೋಸವನ್ನು ತನಿಖೆಯಿಂದ ಹಿಡಿಯಬೇಕು. ಗಡಿಯಾರದಿಂದ ಹಿಡಿಯಲು ಹೊರಟರೆ ನಿಜವಾಗಿ ನೊಂದವರೂ ಹೊರಗುಳಿಯುತ್ತಾರೆ.

ಬೇರೆ ದೇಶಗಳು ಈ ದಾರಿಯಲ್ಲಿ ಹೋಗಿ ಕಂಡದ್ದು ಏನು? ಬ್ರಿಟನ್ 2021ರ ಮೇ 31ರಿಂದ ಕುತ್ತಿಗೆ ಉಳುಕಿನಂಥ ಸಣ್ಣ ಗಾಯಗಳಿಗೆ ಇಂತಿಷ್ಟೇ ಪರಿಹಾರವೆಂದು ದರಪಟ್ಟಿ ತಂದಿತು. ಅಂಥ ಕ್ಲೇಮುಗಳ ಸಂಖ್ಯೆ ಇಳಿಯಿತು. ಆದರೂ 2023ರಲ್ಲಿ ಅಲ್ಲಿನ ಪ್ರೀಮಿಯಂ ತೀವ್ರವಾಗಿ ಏರಿತು, ಕಾರಣ ರಿಪೇರಿ ಮತ್ತು ಬಿಡಿಭಾಗಗಳ ದುಬಾರಿ ಬೆಲೆ. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ವಿಮೆಯ ವೆಚ್ಚ ಪರಿಶೀಲಿಸಲು ಮತ್ತೊಂದು ಕಾರ್ಯಪಡೆ ರಚಿಸಬೇಕಾಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2021ರ ಮೇ ತಿಂಗಳಲ್ಲಿ ಇನ್ನೂ ಮುಂದೆ ಹೋಗಿ, ತಪ್ಪು ಯಾರದೆಂದು ನೋಡದೆ ಎಲ್ಲ ಗಾಯಾಳುಗಳಿಗೂ ಚಿಕಿತ್ಸೆ ಮತ್ತು ಆದಾಯದ ನೆರವು ಕೊಡುವ ಪದ್ಧತಿಗೆ ಬದಲಾಯಿತು, ಅದರ ಬದಲಿಗೆ ಮೊಕದ್ದಮೆ ಹೂಡುವ ಹಕ್ಕನ್ನು ಬಹುಮಟ್ಟಿಗೆ ಹಿಂತೆಗೆದುಕೊಂಡಿತು. ಪ್ರೀಮಿಯಂ ಸರಾಸರಿ ಶೇ 20ರಷ್ಟು ಇಳಿಯಿತು, ವಕೀಲರಿಗೆ ಹೋಗುತ್ತಿದ್ದ ಹಣ ಉಳಿಯಿತು. ಜೀವನಪೂರ್ತಿ ಅಂಗವಿಕಲರಾದವರ ಅಹವಾಲು ಕೇಳಲು ನ್ಯಾಯಾಲಯವಿಲ್ಲ ಎಂಬ ಅಸಮಾಧಾನ ಈಗ ಅಲ್ಲಿದೆ. ಆ ಪ್ರಾಂತ್ಯದಲ್ಲಿ ಕಡ್ಡಾಯ ವಾಹನ ವಿಮೆ ಒಂದೇ ಸರ್ಕಾರಿ ಸಂಸ್ಥೆಯ ಕೈಯಲ್ಲಿದೆ, ಸಾರ್ವಜನಿಕ ಆರೋಗ್ಯ ವ್ಯವಸ್ಥೆ ಬಲವಾಗಿದೆ. ಅವೆರಡೂ ಇಲ್ಲದ ನಮ್ಮಲ್ಲಿ ಮೊಕದ್ದಮೆಯ ಹಕ್ಕನ್ನು ಕಿತ್ತುಕೊಂಡರೆ ಗಾಯಾಳುವಿನ ಬಳಿ ಏನೂ ಉಳಿಯುವುದಿಲ್ಲ.

ನಮ್ಮ ಕಾಯ್ದೆಯಲ್ಲೂ ತಪ್ಪು ಯಾರದೆಂದು ನೋಡದೆ ಕೊಡುವ ಪರಿಹಾರವಿದೆ. 164ನೇ ಕಲಂ ಪ್ರಕಾರ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಇದನ್ನು ತಕ್ಷಣದ ಆಸರೆಯಾಗಿ ಕೊಟ್ಟು, ಪೂರ್ತಿ ಪರಿಹಾರದ ವಾದ ಆಮೇಲೆ ನಡೆಯಲಿ ಎಂದಿದ್ದರೆ ಎಷ್ಟೋ ಮನೆಗಳು ಸಾಲಕ್ಕೆ ಬೀಳುವುದು ತಪ್ಪುತ್ತಿತ್ತು. ಆದರೆ ಈ ಹಣ ಪಡೆದವರು 166ನೇ ಕಲಂ ಅಡಿಯ ಹೆಚ್ಚಿನ ಪರಿಹಾರವನ್ನು ಬಿಟ್ಟುಕೊಡಬೇಕು. ಕೈಯಲ್ಲಿ ಕಾಸಿಲ್ಲದ ಕುಟುಂಬಕ್ಕೆ ಇದು ಆಯ್ಕೆಯೇ ಅಲ್ಲ.

ವಿಳಂಬದ ಬಡ್ಡಿ

ಪ್ರೀಮಿಯಂ ಏರಲು ಕಾರಣ ಹುಡುಕುವಾಗ ಜನ ಮೊದಲು ಪರಿಹಾರದ ಮೊತ್ತವನ್ನು ದೂರುತ್ತಾರೆ. ವಿಳಂಬದ ವೆಚ್ಚ ಅವರ ಕಣ್ಣಿಗೆ ಬೀಳುವುದಿಲ್ಲ. ಪರಿಹಾರದ ಮೊತ್ತಕ್ಕೆ ಅರ್ಜಿ ಹಾಕಿದ ದಿನದಿಂದ ಬಡ್ಡಿ ಸೇರುತ್ತದೆ, ಸಾಮಾನ್ಯವಾಗಿ ಶೇ 6ರಿಂದ 9ರವರೆಗೆ. ನಮ್ಮ ಉದಾಹರಣೆಯ 42,84,000 ರೂಪಾಯಿಗೆ ಶೇ 7.5ರಂತೆ ಐದು ವರ್ಷದ ಸರಳ ಬಡ್ಡಿ 16 ಲಕ್ಷ ದಾಟುತ್ತದೆ. ಕಂಪನಿ ಹೈಕೋರ್ಟಿಗೆ ಮೇಲ್ಮನವಿ ಹೋದರೆ ಇನ್ನೂ ಹೆಚ್ಚು. ವಕೀಲರ ಶುಲ್ಕ, ಕಂಪನಿಯ ಸಿಬ್ಬಂದಿಯ ಓಡಾಟ ಬೇರೆ. ಇವೆಲ್ಲವೂ ಕೊನೆಗೆ ಪ್ರೀಮಿಯಂ ರೂಪದಲ್ಲಿ ವಾಹನ ಮಾಲೀಕರ ಬಳಿಗೇ ಬರುತ್ತವೆ, ಸಂತ್ರಸ್ತ ಕುಟುಂಬವೂ ಕಾದು ಕಾದು ಬಸವಳಿಯುತ್ತದೆ. ಇಲ್ಲಿ ಉಳಿಸಿದ ಪ್ರತಿ ರೂಪಾಯಿಯೂ ಯಾರಿಗೂ ನೋವು ಮಾಡದೆ ಉಳಿಸಿದ್ದು. ಅದಕ್ಕಾಗಿಯೇ ನನ್ನ ಮಟ್ಟಿಗೆ ಇಡೀ ಸುಧಾರಣೆಯ ಹೃದಯ ಇದು.

ವಿಳಂಬ ಹುಟ್ಟುವುದು ಅಪಘಾತ ಪರಿಹಾರದ ಅರ್ಜಿಗಳನ್ನು ವಿಚಾರಿಸುವ ನ್ಯಾಯಮಂಡಳಿಯಲ್ಲಿ ಎನ್ನುವುದಕ್ಕಿಂತ ಠಾಣೆಯಲ್ಲಿ ಎನ್ನುವುದೇ ಸರಿ. ಎಫ್‌ಐಆರ್, ಮಹಜರು, ವಾಹನ ತಪಾಸಣೆಯ ವರದಿ, ಚಾಲನಾ ಪರವಾನಗಿಯ ಪರಿಶೀಲನೆ, ಆಸ್ಪತ್ರೆಯ ದಾಖಲೆ, ಆದಾಯದ ಪುರಾವೆ ಎಲ್ಲವನ್ನೂ ಕುಟುಂಬದವರು ಒಂದೊಂದಾಗಿ ಕಲೆಹಾಕಬೇಕಿತ್ತು. ದೆಹಲಿ ಹೈಕೋರ್ಟ್ ರಾಜೇಶ್ ತ್ಯಾಗಿ ಪ್ರಕರಣದಲ್ಲಿ ಇದನ್ನು ತಿರುವುಮುರುವು ಮಾಡಿತು: ಮಾಹಿತಿ ಕಲೆಹಾಕುವುದು ಪೊಲೀಸರ ಹೊಣೆ, ಪರಿಶೀಲಿಸಿ ಮೊತ್ತ ಮುಂದಿಡುವುದು ಕಂಪನಿಯ ಹೊಣೆ. ಇದೇ ಮಾದರಿಯನ್ನು ಕೇಂದ್ರ 2022ರಲ್ಲಿ ನಿಯಮವನ್ನಾಗಿ ಮಾಡಿ ದೇಶಕ್ಕೆಲ್ಲ ಅನ್ವಯಿಸಿತು. ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ವರದಿ, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ವರದಿ ಸಲ್ಲಿಸಬೇಕು. ಆ ವಿವರವಾದ ವರದಿಯನ್ನೇ ಪರಿಹಾರದ ಅರ್ಜಿಯೆಂದು ನ್ಯಾಯಮಂಡಳಿ ಪರಿಗಣಿಸಬಹುದು. 2022ರ ಡಿಸೆಂಬರ್‌ನಲ್ಲಿ ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ನಿಯಮಗಳನ್ನು ಜಾರಿಗೆ ತರಲು ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಠಾಣೆ, ಆರ್‌ಟಿಒ, ಆಸ್ಪತ್ರೆ, ಕಂಪನಿ ಮತ್ತು ನ್ಯಾಯಮಂಡಳಿಯನ್ನು ಬೆಸೆಯುವ ಇ-ಡಿಎಆರ್ ಪೋರ್ಟಲ್ ಕೂಡ ಸಿದ್ಧವಿದೆ.

ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಕೇಳುವಂತಿಲ್ಲ. ಕೊರತೆ ಇರುವುದು ಕೈಗಳದ್ದು. ಬಂದೋಬಸ್ತು, ಗಣ್ಯರ ಭೇಟಿ, ಇತರ ಅಪರಾಧಗಳ ನಡುವೆ ಒಬ್ಬ ಸಬ್‌ಇನ್‌ಸ್ಪೆಕ್ಟರ್ ಪ್ರತಿ ಅಪಘಾತಕ್ಕೂ ಹತ್ತಾರು ನಮೂನೆ ತುಂಬಬೇಕು. 2022ರಲ್ಲಿ ಕರ್ನಾಟಕವೊಂದರಲ್ಲೇ ರಸ್ತೆ ಅಪಘಾತಗಳಲ್ಲಿ 11,702 ಜನ ಸತ್ತರು. ಈ ಕೆಲಸಕ್ಕೆಂದೇ ಪ್ರತ್ಯೇಕ ಸಿಬ್ಬಂದಿಯನ್ನು ನೇಮಿಸದಿದ್ದರೆ 90 ದಿನದ ಗಡುವು ಆಸೆಯಾಗಿಯೇ ಉಳಿಯುತ್ತದೆ. ಆ ಸಿಬ್ಬಂದಿಯ ಸಂಬಳ ಉಳಿಯುವ ಬಡ್ಡಿಯ ಮುಂದೆ ಅತ್ಯಲ್ಪ.

ಕಂಪನಿಗಳ ತಕರಾರಿಗೆ ಎಡೆಕೊಡುತ್ತಿದ್ದ ಗೊಂದಲವೊಂದು 2024ರ ನವೆಂಬರ್‌ನಲ್ಲಿ ತೀರ್ಮಾನವಾದದ್ದನ್ನೂ ಇಲ್ಲಿ ಹೇಳಬೇಕು. ಲಘು ವಾಹನದ ಪರವಾನಗಿ ಇದ್ದವರು 7,500 ಕೆಜಿವರೆಗಿನ ಸಾರಿಗೆ ವಾಹನ ಓಡಿಸಿದರೆ ಅದು ಸಿಂಧುವೇ ಎಂಬ ಪ್ರಶ್ನೆಯ ಮೇಲೆ ಸಾವಿರಾರು ಪ್ರಕರಣಗಳು ಎಳೆದಾಡುತ್ತಿದ್ದವು. ಸಿಂಧು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸ್ಪಷ್ಟಪಡಿಸಿತು. ಒಂದು ತೀರ್ಪು ಇಷ್ಟೊಂದು ವ್ಯಾಜ್ಯ ಕಡಿಮೆ ಮಾಡಬಲ್ಲದಾದರೆ, ಕಾಯ್ದೆಯನ್ನು ಮೊದಲೇ ಸ್ಪಷ್ಟವಾಗಿ ಬರೆದಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ಲೆಕ್ಕ ಹಾಕಬಹುದು.

ವಿಮೆಯೇ ಇಲ್ಲದ ವಾಹನಗಳು

ದೇಶದ ರಸ್ತೆಗಳಲ್ಲಿ ಓಡುವ ವಾಹನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ವಿಮೆಯಿಲ್ಲ, ಅವುಗಳಲ್ಲಿ ದ್ವಿಚಕ್ರ ವಾಹನಗಳದ್ದೇ ದೊಡ್ಡ ಪಾಲು. ಹಿಂದೆ ಹೊಸದಾಗಿ ಕೊಳ್ಳುವಾಗ ವಿಮೆ ಇರುತ್ತಿತ್ತು, ಎರಡನೇ ಮೂರನೇ ವರ್ಷಕ್ಕೆ ನವೀಕರಣ ನಿಲ್ಲುತ್ತಿತ್ತು. ಇದನ್ನು ಗಮನಿಸಿಯೇ ಸುಪ್ರೀಂ ಕೋರ್ಟ್, ಕೊಯಮತ್ತೂರಿನ ಮೂಳೆ ಶಸ್ತ್ರಚಿಕಿತ್ಸಕ ಡಾ. ಎಸ್. ರಾಜಶೇಖರನ್ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ, 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕೊಳ್ಳಬೇಕೆಂದು ಆದೇಶಿಸಿತು. ವಾಹನ ಕೊಳ್ಳುವ ದಿನದ ಖರ್ಚು ಹೆಚ್ಚಿತೆಂದು ಜನ ಗೊಣಗಿದರು. ಆದರೂ ಅದು ಸರಿಯಾದ ಕ್ರಮ. ಐದು ವರ್ಷದ ನಂತರದ ಹಳೆಯ ಬೈಕುಗಳ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ವಿಮೆಯಿಲ್ಲದೆ ಸಿಕ್ಕಿಬಿದ್ದರೆ ಮೊದಲ ಬಾರಿ 2,000, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ, ಮೂರು ತಿಂಗಳ ಜೈಲಿಗೂ ಅವಕಾಶವಿದೆ. 842 ರೂಪಾಯಿಯ ವಿಮೆಗೆ ಹೋಲಿಸಿದರೆ ದಂಡ ದೊಡ್ಡದು. ಸಿಕ್ಕಿಬೀಳುವ ಸಾಧ್ಯತೆ ಮಾತ್ರ ಬಹಳ ಚಿಕ್ಕದು. ಸಿಗ್ನಲ್ ದಾಟಿದ ವಾಹನದ ನಂಬರು ಓದುವ ಕ್ಯಾಮೆರಾಗಳು ನಮ್ಮ ನಗರಗಳಲ್ಲಿವೆ, ವಾಹನದ ವಿಮೆಯ ಅವಧಿ ಸರ್ಕಾರದ ವಾಹನ್ ದತ್ತಾಂಶದಲ್ಲಿದೆ. ಎರಡನ್ನೂ ಜೋಡಿಸಿ, ವಿಮೆ ಮುಗಿದವರಿಗೆ ಮೊದಲು ಸಂದೇಶ, ಹದಿನೈದು ದಿನದ ನಂತರ ದಂಡ ಎಂದು ಮಾಡಿದರೆ ಬಹುಪಾಲು ಜನ ನವೀಕರಿಸುತ್ತಾರೆ. ಪ್ರೀಮಿಯಂ ಕಟ್ಟುವವರ ಸಂಖ್ಯೆ ಹೆಚ್ಚಿದರೆ ಕಂಪನಿಗಳ ಒಟ್ಟು ಆದಾಯ ಹೆಚ್ಚುತ್ತದೆ, ಅದರ ಜೊತೆ ಕ್ಲೇಮುಗಳೂ ಹೆಚ್ಚುತ್ತವೆ. ಹಾಗಾಗಿ ಇದರಿಂದ ದರ ಥಟ್ಟನೆ ಇಳಿಯುತ್ತದೆಂದು ಹೇಳಲಾರೆ. ಆದರೆ ವಿಮೆಯಿಲ್ಲದ ವಾಹನ ಗುದ್ದಿದವರ ಕುಟುಂಬ ಬೀದಿಗೆ ಬೀಳುವುದು ನಿಲ್ಲುತ್ತದೆ. ಅಂಥ ವಾಹನವನ್ನು ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಯಲ್ಲಿಡುವ ನಿಯಮ ತರಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತ್ತು. ಜಖಂಗೊಂಡ ಹಳೆಯ ಬೈಕಿಗೆ ಹರಾಜಿನಲ್ಲಿ ಎಷ್ಟು ಬಂದೀತು?

ಗುದ್ದಿ ಪರಾರಿಯಾದ ವಾಹನಗಳ ಪ್ರಕರಣಗಳಲ್ಲಿ ಸರ್ಕಾರವೇ ಪರಿಹಾರ ಕೊಡಿಸುತ್ತದೆ. ಅದು 2022ರ ಏಪ್ರಿಲ್‌ನಿಂದ ಸಾವಿಗೆ 25,000ದಿಂದ 2 ಲಕ್ಷಕ್ಕೆ, ತೀವ್ರ ಗಾಯಕ್ಕೆ 12,500ರಿಂದ 50,000ಕ್ಕೆ ಏರಿತು. ಆ ವರ್ಷ ದೇಶದಲ್ಲಿ ಇಂಥ 67,387 ಅಪಘಾತಗಳಾದವು. 2022–23ರಲ್ಲಿ ಪರಿಹಾರ ಕೇಳಿ ಬಂದ ಅರ್ಜಿಗಳು ಇನ್ನೂರರ ಆಸುಪಾಸು. ಇಂಥ ಯೋಜನೆ ಇದೆಯೆಂದು ಕುಟುಂಬಕ್ಕೆ ತಿಳಿಸುವುದು ಪೊಲೀಸರ ಕರ್ತವ್ಯ ಎಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು. ಸಾವಿನ ಪರಿಹಾರದ ಮೊತ್ತವನ್ನು ಎಂಟು ಪಟ್ಟು ಮಾಡಿದ ಸರ್ಕಾರ ಅದನ್ನು ಜನರಿಗೆ ಹೇಳಲು ಮರೆತದ್ದು ಬೇಸರದ ಸಂಗತಿ.

ಕ್ಲೇಮು ಹುಟ್ಟದಂತೆ ಮಾಡುವುದು

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, 4,43,366 ಜನ ಗಾಯಗೊಂಡರು. ಈ ಅಂಕಿ ಕೆಳಗಿಳಿಯದೆ ಥರ್ಡ್ ಪಾರ್ಟಿ ಪ್ರೀಮಿಯಂ ಪ್ರಾಮಾಣಿಕವಾಗಿ ಕೆಳಗಿಳಿಯಲು ಸಾಧ್ಯವಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿ ಇದಕ್ಕೆ ಹತ್ತಿರದ ಉದಾಹರಣೆ. 2023ರಲ್ಲಿ ಅಲ್ಲಿ ಸಾವುಗಳು ದಿಗಿಲು ಹುಟ್ಟಿಸುವಷ್ಟಾದವು. ವೇಗ ಪತ್ತೆಯ ಕ್ಯಾಮೆರಾ ಅಳವಡಿಸಿ, ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಸರ್ವಿಸ್ ರಸ್ತೆಗೆ ಕಳಿಸಿದ ಮೇಲೆ ಸಾವುಗಳು ಗಣನೀಯವಾಗಿ ತಗ್ಗಿದವು. ವಿಮೆಯ ಕಾಯ್ದೆಯ ಒಂದು ಅಕ್ಷರವೂ ಬದಲಾಗದೆ ಆ ರಸ್ತೆಯಿಂದ ಬರುವ ಕ್ಲೇಮುಗಳು ಕಡಿಮೆಯಾಗುವಂತಾಯಿತು.

ಸಾಯುವವರನ್ನು ಉಳಿಸಿಕೊಳ್ಳುವುದೂ ಇದರ ಇನ್ನೊಂದು ಮುಖ. ಮೊದಲ ಒಂದು ಗಂಟೆಯೊಳಗೆ ಚಿಕಿತ್ಸೆ ಸಿಕ್ಕರೆ ಬದುಕುವ ಸಾಧ್ಯತೆ ಹೆಚ್ಚು ಎಂಬ ಕಾರಣಕ್ಕೆ ನಗದುರಹಿತ ಚಿಕಿತ್ಸೆಯ ಯೋಜನೆ ರೂಪಿಸಬೇಕೆಂದು 2019ರ ತಿದ್ದುಪಡಿಯೇ ಹೇಳಿತ್ತು. ವರ್ಷಗಳು ಕಳೆದರೂ ಯೋಜನೆ ಬರಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗಡುವು ವಿಧಿಸಿದ ಮೇಲೆ ಮೇ 5ರಂದು ಅಧಿಸೂಚನೆ ಬಂತು. ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆ ಸಿಗುತ್ತದೆ. ತಲೆಗೆ ಪೆಟ್ಟಾದವರಿಗೆ ಖಾಸಗಿ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಆ ಹಣ ಬೇಗ ಕರಗುತ್ತದೆ ಎಂಬುದು ನಿಜ, ಆದರೂ ಮುಂಗಡ ಕಟ್ಟಿದರಷ್ಟೇ ದಾಖಲು ಎಂಬ ಮಾತು ಕೇಳಬೇಕಾಗಿಲ್ಲದಿರುವುದೇ ದೊಡ್ಡದು.

ಚಾಲಕರ ನಡವಳಿಕೆಗೆ ಪ್ರೀಮಿಯಂ ಜೋಡಿಸುವ ಯೋಚನೆಯೂ ಹಳೆಯದೇ. ಕುಡಿದು ಓಡಿಸಿದವರು, ಮೇಲಿಂದ ಮೇಲೆ ಸಿಗ್ನಲ್ ಮುರಿದವರು ಹೆಚ್ಚು ಕಟ್ಟಲಿ ಎಂದು 2021ರ ಜನವರಿಯಲ್ಲಿ ಐಆರ್‌ಡಿಎಐನ ಕಾರ್ಯತಂಡ ಶಿಫಾರಸು ಮಾಡಿ, ದೆಹಲಿಯಲ್ಲಿ ಪ್ರಾಯೋಗಿಕವಾಗಿ ಶುರು ಮಾಡಲು ಸಲಹೆ ಕೊಟ್ಟಿತ್ತು. ಎಚ್ಚರಿಕೆಯಿಂದ ಓಡಿಸುವ ಲಕ್ಷಾಂತರ ಜನ ಅಜಾಗರೂಕರ ಪಾಲನ್ನೂ ಕಟ್ಟುತ್ತಿರುವ ಈಗಿನ ಪದ್ಧತಿಗಿಂತ ಅದು ನ್ಯಾಯವಾದದ್ದು. ಇ-ಚಲನ್‌ಗಳಲ್ಲಿ ತಪ್ಪು ನಂಬರಿಗೆ ದಂಡ ಬೀಳುವುದು ನಿಂತ ಮೇಲೆ ಮಾತ್ರ ಅದನ್ನು ಜಾರಿಗೆ ತರಬೇಕು.

ಥರ್ಡ್ ಪಾರ್ಟಿ ದರದ ಮುಂದಿನ ಕರಡು ಪ್ರಕಟವಾದಾಗ ಸಚಿವಾಲಯ ಸಾರ್ವಜನಿಕರಿಂದ ಸಲಹೆ, ಆಕ್ಷೇಪಣೆ ಕರೆಯುವುದು ರೂಢಿ. ಲಾರಿ ಮಾಲೀಕರ ಸಂಘಗಳು ಬರೆಯುತ್ತವೆ, ಕಂಪನಿಗಳು ಬರೆಯುತ್ತವೆ. ಬೈಕು ಓಡಿಸುವವರೂ ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡವರೂ ಆಗ ಬರೆಯಬೇಕು. ಕೇಳಬೇಕಾದದ್ದು ಮುಖ್ಯವಾಗಿ ಮೂರು. ದ್ವಿಚಕ್ರ ವಾಹನದ ಕಡ್ಡಾಯ ವಿಮೆಗೂ ಲಾರಿಯಂತೆ ಶೇ 5ರ ತೆರಿಗೆ ಸಾಕು. ಆರು ತಿಂಗಳ ಕಾಲಮಿತಿ ಹೋಗಬೇಕು. ಯಾವ ರಾಜ್ಯದಲ್ಲಿ ಎಷ್ಟು ವಿವರವಾದ ವರದಿಗಳು 90 ದಿನದೊಳಗೆ ಬಂದವು, ಪರಿಹಾರದ ಒಟ್ಟು ಮೊತ್ತದಲ್ಲಿ ಬಡ್ಡಿಯ ಪಾಲೆಷ್ಟು ಎಂಬುದನ್ನು ದರಪಟ್ಟಿಯ ಜೊತೆಗೇ ಪ್ರಕಟಿಸಬೇಕು.